ಕಳ್ಳಗಂಡಿಯೊಳಗಿನ ಎಳ್ಳಮಾವಾಸ್ಯೆ

ಕೆಲಸವೇನೋ ಸಣ್ಣದು. ಸಾಬೂನು ಪೆಟ್ಟಿಗೆಯಷ್ಟಿರುವ ಒಂದು ಮೀಟರನ್ನು ಜೋಡಿಗುಂಡಿನ ಗುಡ್ಡದ ನೆತ್ತಿಯ ಮೇಲೆ ಕೂರಿಸಿ, ಅದರ ಮುಖವನ್ನು ಆಕಾಶಕ್ಕೆ ಮಾಡಿ, ಕತ್ತಲಾಗುವುದರೊಳಗೆ ಇಳಿದು ಬರಬೇಕು. ರಾತ್ರಿಯಿಡೀ ಅದು ತನ್ನಷ್ಟಕ್ಕೆ ತಾನು ಆಕಾಶದ ಕತ್ತಲೆಯನ್ನು ಅಳೆಯುತ್ತಾ ಕೂತಿರುತ್ತದೆ. ಬೆಳಿಗ್ಗೆ ಹೋಗಿ ಎತ್ತಿಕೊಂಡು ಬಂದರೆ ಮುಗಿಯಿತು. ಕೇಳಿದವರು ಯಾರಾದರೂ "ಇಷ್ಟೇನಾ?" ಅನ್ನಬೇಕು. ಭವಾನಿಯೂ ಹಾಗೆಯೇ ಅಂದುಕೊಂಡಿದ್ದಳು, ಪಾಪ.

ಭವಾನಿ ಗಂಗಾವತಿಯ ಅಕ್ಕಿ ವ್ಯಾಪಾರಸ್ಥರ ಮನೆಯ ಮಗಳು. ಮನೆಯವರೆಲ್ಲ ಮೂಟೆ ನೋಡುವವರು, ಇವಳೊಬ್ಬಳು ಚುಕ್ಕಿ ನೋಡುವವಳು. ದೊಡ್ಡದೊಂದು ದುರ್ಬೀನು ಕೊಂಡು, ಹುಬ್ಬಳ್ಳಿ ಹೈದರಾಬಾದಿನ ಮಂದಿಯನ್ನು ಕನಕಗಿರಿಯಾಚೆಯ ಸೀಗಿಹಾಳಕ್ಕೆ ಕರೆತಂದು ನಕ್ಷತ್ರ ತೋರಿಸತೊಡಗಿದ್ದಳು. ಊರವರ ಮನೆಗಳಲ್ಲೇ ಊಟ, ಅವರ ಮಾಳಿಗೆಯ ಮೇಲೆಯೇ ಹಾಸಿಗೆ. ಪಟ್ಟಣದವರು ಆಕಾಶಗಂಗೆ ಕಂಡು ಬಾಯಿ ತೆರೆದು ನಿಂತರೆ ಸೀಗಿಹಾಳದವರಿಗೆ ನಗುವೋ ನಗು. ನಗುತ್ತಲೇ ಇನ್ನೊಂದು ರೊಟ್ಟಿ ಬಡಿಸುತ್ತಿದ್ದರು. ಊರಿಗೂ ನಾಲ್ಕು ಕಾಸು ಕಾಣತೊಡಗಿತ್ತು.

ಅಷ್ಟರಲ್ಲಿ ಹೊರಗಿನ ಗುತ್ತಿಗೆದಾರನೊಬ್ಬ ವಕ್ಕರಿಸಿದ. ಊರ ಪಕ್ಕದ ಜೋಡಿಗುಂಡಿನ ಗುಡ್ಡದ ಬಂಡೆಗಳಿಗೆಲ್ಲ ಬಣ್ಣಬಣ್ಣದ ದೀಪ ಬಿಟ್ಟು ರಾತ್ರಿಯಿಡೀ ಜಗಮಗ ಮಾಡುತ್ತೇನೆಂದು ಹೇಳಿ, ಕಂಬಗಳನ್ನು ತಂದು ಗುಡ್ಡದ ಬುಡದಲ್ಲಿ ಒಟ್ಟಿಯೂ ಬಿಟ್ಟ. ಆ ಕಂಬಗಳು ನಿಂತರೆ ಸೀಗಿಹಾಳದ ಚುಕ್ಕಿಗಳ ಕತೆ ಅಲ್ಲಿಗೆ ಮುಗಿದಂತೆ. ಗುಡ್ಡವನ್ನು ಯಾರಿಗೆ ಬಿಡಬೇಕೆಂದು ತೀರ್ಮಾನಿಸುವ ಕೊಪ್ಪಳದ ಸಮಿತಿಯವರು ಭವಾನಿಗೆ ಒಂದೇ ದಾರಿ ಬಿಟ್ಟಿದ್ದರು: ಗ್ರಾಮಸಭೆಗೆ ಮುಂಚೆ ಬರುವ ಅಮಾವಾಸ್ಯೆಯ ಇಡೀ ರಾತ್ರಿಯ ಕತ್ತಲೆಯನ್ನು ಅಳೆದು ತರಬೇಕು. ಗುಡ್ಡದ ಸುತ್ತ ಒಂದು ದೀಪವೂ ಉರಿಯಕೂಡದು. ಅಳತೆ ಒಪ್ಪಿಗೆಯಾದರೆ ಗುಡ್ಡ ಕತ್ತಲೆಗೇ ಮೀಸಲು. ಇಲ್ಲದಿದ್ದರೆ ಕಂಬಗಳಿಗೆ.

ಗ್ರಾಮಸಭೆಗೆ ಮುಂಚೆ ಬರುವುದು ಎಳ್ಳಮಾವಾಸ್ಯೆ. ಗುಡ್ಡದ ಸುತ್ತಲಿನ ಹೊಲಗಳವರು ಕರಡಿ, ಹಂದಿಗಳ ಕಾಟಕ್ಕೆ ಬದುವಿನ ಮೇಲೆಲ್ಲ ದೀಪದ ಸರ ಬಿಟ್ಟಿದ್ದರು. ಅವನ್ನೆಲ್ಲ ಆರಿಸಿ ಅಂತ ಕೇಳಲು ಹೋದಾಗ ಭವಾನಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಎಲ್ಲರಿಗಿಂತ ಜೋರು ಬಾಯಿ ಫಕೀರಮ್ಮನದು. ಗುಡ್ಡಕ್ಕೆ ಅಂಟಿಕೊಂಡ ಶೇಂಗಾ ಹೊಲ ಅವಳದೇ. ಬೈಯುವಷ್ಟು ಬೈದು ಕೊನೆಗೆ ಅವಳೇ ಉಳಿದವರನ್ನೂ ಒಪ್ಪಿಸಿದಳು.

"ಒಂದು ರಾತ್ರಿ ಹೌದಲ್ಲೋ? ನಮ್ಮಪ್ಪನ ಕಾಲ್ದಾಗಿನಂಗ ಅಟ್ಟದ ಮ್ಯಾಲ ಕುಂತು ಡಬ್ಬಿ ಬಡಿಯೂಣು. ಆದ್ರ ಮಾತಂದ್ರ ಮಾತು. ಯಾವನರ ಬ್ಯಾಟ್ರಿ ಹಚ್ಚಿದಾ ಅಂದ್ರ, ಅವನ ಗತಿ ನಾ ನೋಡ್ಕೊಂತೀನಿ!"

ಎಳ್ಳಮಾವಾಸ್ಯೆಯ ದಿನ ಹೊಲಗಳಲ್ಲೆಲ್ಲ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆಯ ಊಟ ಮುಗಿದ ಮೇಲೆ ಮೂವರು ಗುಡ್ಡ ಹತ್ತಿದರು. ಮುಂದೆ ದ್ಯಾವಪ್ಪ, ಹುಡುಗಾಟದ ದಿನಗಳಲ್ಲಿ ಈ ಗುಡ್ಡದ ಮೇಲೆ ಕುರಿ ಕಾಯ್ದವನು, ಗುಡ್ಡವೆಂದರೆ ತನ್ನ ಹಿತ್ತಲು ಅನ್ನುವವನು. ನಡುವೆ ಭವಾನಿ. ಹಿಂದೆ ಏದುಸಿರು ಬಿಡುತ್ತಾ ಜೀಪಿನ ಡ್ರೈವರ್ ರವಿಕುಮಾರ, ಬಗಲಲ್ಲಿ ಹೋಳಿಗೆಯ ಸ್ಟೀಲ್ ಡಬ್ಬಿ. ಮೂವರ ಫೋನುಗಳೂ ಗುಡ್ಡದ ಆ ಮಗ್ಗುಲಲ್ಲಿ ನಿಲ್ಲಿಸಿದ ಜೀಪಿನೊಳಗೆ. ಅದು ಭವಾನಿಯದೇ ಹುಕುಂ.

"ಫೋನ್ ಇದ್ರ ನೀ ಸೆಲ್ಫಿ ತೆಗೀದ ಬಿಡಂಗಿಲ್ಲ, ಲೈಟ್ ಬಿಡದ ಇರಂಗಿಲ್ಲ," ಅಂದಿದ್ದಳು ರವಿಕುಮಾರನಿಗೆ.

"ಅಕ್ಕಾರ, ನನ್ನ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನ್ರಿ?"

"ಇಲ್ಲಪಾ."

ನೆತ್ತಿಯ ಮೇಲೆ ನಿಂತರೆ ಕಲ್ಲಿನ ಸೀಮೆಯೆಲ್ಲ ಕಾಲಡಿಗೆ. ಒಂದರ ಮೇಲೊಂದು ಯಾರೋ ಬೇಕೆಂದೇ ಒಟ್ಟಿಟ್ಟಂಥ ಬಂಡೆಗಳ ಗುಡ್ಡಗಳು, ಅವುಗಳ ಸಂದಿಯಲ್ಲಿ ಜಾಲಿ, ಬಾರಿ, ಸೀತಾಫಲದ ಗಿಡಗಳು. ನವಲಿಯ ಕಡೆಗೆ ಭತ್ತ ಕೊಯ್ದು ಬರಿದಾದ ಗದ್ದೆಗಳು ಕಾಣುತ್ತಿದ್ದವು. ಪಡುವಣಕ್ಕೆ, ಕುಷ್ಟಗಿ ಯಲಬುರ್ಗಾದ ಎರೆಹೊಲಗಳ ಮೇಲೆ ಸೂರ್ಯ ಕೆಂಪಗೆ ಇಳಿಯುತ್ತಿದ್ದ. ತೆಂಕಣದಲ್ಲಿ ಗಂಗಾವತಿಯ ಮೇಲೆ ಆಗಲೇ ಬೆಳಕಿನ ಮಬ್ಬು ಏಳತೊಡಗಿತ್ತು, ಅದರಾಚೆ ಹಿಟ್ನಾಳದ ಹೆದ್ದಾರಿಯ ಕಡೆಗೆ ಇನ್ನೊಂದು. ಈ ಗುಡ್ಡದ ಸುತ್ತ ಮಾತ್ರ ಹೊಲಗಳು ಕಪ್ಪಗೆ, ತಣ್ಣಗೆ ಕೂತಿದ್ದವು. ಒಂದು ಬಲ್ಬೂ ಇಲ್ಲ. ಭವಾನಿಗೆ ಹೊಟ್ಟೆ ತುಂಬಿದಂತಾಯಿತು.

ಗಾಳಿ ಜೋರಿತ್ತು. ಮೀಟರಿನ ಮುಕ್ಕಾಲಿ ಅಲುಗಾಡುತ್ತಿತ್ತು. ತಂದಿದ್ದ ತೆಳು ಹಗ್ಗವನ್ನೆಲ್ಲ ಬಿಚ್ಚಿ ಮುಕ್ಕಾಲಿಯನ್ನು ಬಂಡೆಗೆ ಬಿಗಿದು ಕಟ್ಟಿದರು. ಹಾಗೆ ಕಟ್ಟುವುದರಲ್ಲೇ ಹೊತ್ತು ಮುಳುಗಿತು.

"ಬಂದ ದಾರಿ ಹಿಡಿದ್ರ ಕತ್ತಲಿ ಆಗ್ತೈತಿ," ಅಂದ ದ್ಯಾವಪ್ಪ. "ಕಳ್ಳಗಂಡಿ ಐತಿ. ಬಂಡಿ ಸಂದಿಯಾಗ ಜಾರಿ ಇಳಿದ್ರ ಸೀದಾ ಫಕೀರಮ್ಮನ ಹೊಲದ ಮ್ಯಾಲ. ಬರ್ರಿ ಬರ್ರಿ."

ಎರಡೂವರೆ ಆಳೆತ್ತರದ ನುಣುಪು ಬಂಡೆ. ಅದರ ಮೇಲೆ ಕುಂಡಿ ಊರಿ ದ್ಯಾವಪ್ಪ ಸರ್ರನೆ ಜಾರಿದ. ಭವಾನಿ ಜಾರಿದಳು. ರವಿಕುಮಾರ ಶಿವಾ ಶಿವಾ ಅನ್ನುತ್ತಾ ಜಾರಿದ, ಡಬ್ಬಿ ಎದೆಗವಚಿಕೊಂಡು.

ಕೆಳಗೆ ನಾಲ್ಕೂ ಕಡೆ ಬಂಡೆ. ಒಂದು ಗಾಡಿ ನಿಲ್ಲಿಸುವಷ್ಟು ಜಾಗ, ಮೇಲೆ ಪಟ್ಟಿಯಷ್ಟೇ ಆಕಾಶ. ದ್ಯಾವಪ್ಪ ಒಂದು ಮೂಲೆಯ ತಗ್ಗು ಬಿಲದೊಳಗೆ ತಲೆ ತೂರಿ, ಮೊಣಕಾಲೂರಿ ಒಳಗೆ ಹೋದವನು, ಸ್ವಲ್ಪ ಹೊತ್ತಿಗೆ ಹಿಂದುಹಿಂದಕ್ಕೆ ಸರಿಯುತ್ತಾ ಬಂದ.

"ಕಾಕಾ, ದಾರಿ ಎಲ್ಲೈತಿ?" ಕೇಳಿದಳು ಭವಾನಿ.

"ಇಲ್ಲೇ ಇತ್ತವ್ವಾ."

"ಇತ್ತು ಅಂದ್ರ?"

"ಇತ್ತು ಅಂದ್ರ... ಈಗಿಲ್ಲ. ಗುಂಡೊಂದು ಜರದು ಕುಂತೈತಿ. ತಲಿ ಹೊರಗ ಹಾಕಾಕಾಗಂಗಿಲ್ಲ, ಕೈ ಅಷ್ಟ ಹಿಡಿತೈತಿ."

"ನೀನು ಈ ದಾರಿಲೆ ಯಾವಾಗ ಬಂದಿದ್ದಿ?"

ದ್ಯಾವಪ್ಪ ಮುಂಡಾಸು ಸರಿಮಾಡಿಕೊಂಡ. "ಮದಿವಿ ಆಗೋಕಿಂತ ಮದ್ಲು."

ಅವನ ಮೊಮ್ಮಗಳಿಗೇ ಮದುವೆಯಾಗಿತ್ತು! ರವಿಕುಮಾರ ಬಾಯಿಬಿಟ್ಟು ಏನೋ ಅನ್ನಲಿದ್ದ, ಭವಾನಿ ಕಣ್ಣಲ್ಲೇ ತಡೆದಳು. ಈಗ ಬೈದು ಉಪಯೋಗವಿರಲಿಲ್ಲ. ಮೊದಲು ಮೇಲೆ ಹತ್ತಬೇಕಿತ್ತು.

ರವಿಕುಮಾರ ಗೋಡೆಗೆ ಬೆನ್ನು ಕೊಟ್ಟು ನಿಂತ. ಅವನ ಹೆಗಲ ಮೇಲೆ ದ್ಯಾವಪ್ಪ. ದ್ಯಾವಪ್ಪನ ಕೈ ಬಂಡೆಯ ಅಂಚಿಗೆ ಇನ್ನೂ ಒಂದು ಮೊಳ ದೂರ. ಅವನು ತುದಿಗಾಲಲ್ಲಿ ನಿಂತ. ರವಿಕುಮಾರ ತೊಯ್ದಾಡಿದ. ಇಬ್ಬರೂ ದೊಪ್ಪನೆ ಬಿದ್ದರು.

"ಯಪ್ಪಾ! ಕಾಲು! ನನ್ನ ಕಾಲು ಹೋತ್ರಿ!"

ಮುರಿದಿರಲಿಲ್ಲ, ಆದರೆ ಹರಡು ಹೊರಳಿ ನೋಡನೋಡುತ್ತಲೇ ಊದಿಕೊಂಡಿತು. ಭವಾನಿ ತನ್ನ ವೇಲ್ ಹರಿದು ಬಿಗಿಯಾಗಿ ಕಟ್ಟಿದಳು. ಹಾಗೆ ಕಟ್ಟುತ್ತಿರುವಾಗ ಅವಳ ಅಂಗೈಗೆ ನೆಲದ ಮೇಲೆ ಏನೋ ಹತ್ತಿತು. ಒರಟು ಕೂದಲು. ಉದ್ದ, ಕಪ್ಪು. ಪಕ್ಕದಲ್ಲೇ ಬಾರಿಹಣ್ಣಿನ ಬೀಜಗಳು ಅಂಟಿದ ಲದ್ದಿ, ಇನ್ನೂ ಹಸಿ.

ಅವಳು ಅದನ್ನು ದ್ಯಾವಪ್ಪನಿಗೆ ತೋರಿಸಿದಳು. ದ್ಯಾವಪ್ಪ ಮೂಸಿ ನೋಡಿ ಮೆಲ್ಲಗೆ ಕೂತುಬಿಟ್ಟ.

"ಇದು ಕರಡಿ ಮನಿ ಐತವ್ವಾ."

"ಏನಂದಿ?" ರವಿಕುಮಾರನಿಗೆ ಕಾಲುನೋವು ಮರೆತೇಹೋಯಿತು.

"ಹೆದ್ರಬ್ಯಾಡ. ಹೊತ್ತು ಮುಳುಗಿದ ಕೂಡ್ಲೆ ಮೇಯಾಕ ಹೋಗಿರ್ತೈತಿ. ಬೆಳಗಿನ್ಯಾಗ ಬರ್ತೈತಿ. ಅಷ್ಟರಾಗ ನಾವು ಹೊರಗ ಬಿದ್ರಾತು."

ಅಷ್ಟರಾಗ ಹೊರಗೆ ಬೀಳುವುದು ಹೇಗೆಂದು ಮಾತ್ರ ಅವನು ಹೇಳಲಿಲ್ಲ.

ಕತ್ತಲು ಇಳಿಯಿತು. ಕಳ್ಳಗಂಡಿಯ ಕತ್ತಲು ಬೇರೆಯೇ. ಹೊರಗಿನ ಕತ್ತಲಲ್ಲಿ ಗಾಳಿ ಇರುತ್ತದೆ, ಒಂದಿಷ್ಟು ದೂರ ಇರುತ್ತದೆ. ಇಲ್ಲಿ ಕೈ ಚಾಚಿದರೆ ಕಲ್ಲು, ಬೆನ್ನು ಸರಿಸಿದರೆ ಕಲ್ಲು. ಮೂಗಿಗೆ ಮೃಗದ ವಾಸನೆ. ಮೇಲಿನ ಆಕಾಶದ ಪಟ್ಟಿಯಲ್ಲಿ ಮೂರು ಚುಕ್ಕಿಗಳು ಮೂಡಿದವು, ಭವಾನಿ ಪ್ರತಿ ಸಲ ಬಂದವರಿಗೆ ಹೆಮ್ಮೆಯಿಂದ ತೋರಿಸುವಂಥವೇ. ಈಗ ಅವನ್ನು ನೋಡಿದರೆ ಅವಳಿಗೆ ಸಿಟ್ಟು ಬಂತು. ಬೇರೆ ಯಾವತ್ತಾದರೂ ಆಗಿದ್ದರೆ ಯಾರಾದರೂ ಬ್ಯಾಟರಿ ಹಿಡಿದು ಹೊಲದಲ್ಲಿ ಅಡ್ಡಾಡುತ್ತಿದ್ದರು, ಫೋನಾದರೂ ಇರುತ್ತಿತ್ತು. ಎಲ್ಲವನ್ನೂ ಆರಿಸಿಸಿದವಳು ಅವಳೇ. ಈ ಮೂವರೂ ಆಗಲೇ ಜೀಪು ಹತ್ತಿ ಕನಕಗಿರಿಗೆ ಹೋದರೆಂದೇ ಕೆಳಗಿನವರು ತಿಳಿದಿರುತ್ತಾರೆ, ಹುಡುಕಲು ಯಾರೂ ಬರುವುದಿಲ್ಲ.

"ಕೂಗೂಣು," ಅಂದಳು.

ಕೂಗಿದರು. ಗಂಟಲು ಹರಿಯುವಂತೆ ಕೂಗಿದರು. ದನಿ ಬಂಡೆಗಳೊಳಗೇ ಸುತ್ತಿ ಸುತ್ತಿ ಸತ್ತಿತು.

ಭವಾನಿಯ ಜೇಬಿನಲ್ಲಿ ಒಂದು ಸಣ್ಣ ಬ್ಯಾಟರಿ ಇತ್ತು. ಕಣ್ಣಿನ ಕತ್ತಲು ಕೆಡಬಾರದೆಂದು ಚುಕ್ಕಿ ನೋಡುವವರು ಅದರ ಗಾಜಿಗೆ ಕೆಂಪು ಹಾಳೆ ಸುತ್ತಿರುತ್ತಾರೆ, ಮಂಕು ಕೆಂಪು ಬಿಟ್ಟರೆ ಅದರಿಂದ ಬೇರೇನೂ ಬರದು. ಅವಳ ಬೆರಳು ಅದನ್ನು ಮುಟ್ಟಿ ಹಿಂದೆ ಸರಿಯಿತು. ಊಹೂಂ. ಮೀಟರು ಮೇಲೆಯೇ ಕೂತಿದೆ. ಅದನ್ನು ಹಚ್ಚಿದರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

"ಅಕ್ಕಾರ," ರವಿಕುಮಾರ ಪಿಸುಗುಟ್ಟಿದ, ಬಾಯಿ ತುಂಬ ಏನೋ ಇತ್ತು.

"ಏನ್ ತಿನ್ನಾಕತ್ತಿಯೋ?"

"ಹೋಳಿಗಿ. ಕರಡಿಗಿ ವಾಸನಿ ಬಡಿಬಾರ್ದಲ್ರಿ, ಅದಕ ಖಾಲಿ ಮಾಡಾಕತ್ತೀನಿ."

ಭವಾನಿಗೆ ಅಂಥದ್ದರಲ್ಲೂ ನಗು ಬಂತು. ಅವನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ಖಾಲಿ ಸ್ಟೀಲ್ ಡಬ್ಬಿ! ಕೆಳಗೆ ಬಿದ್ದಿದ್ದ ಕಲ್ಲೊಂದನ್ನು ತಗೊಂಡು ಬಿಲದೊಳಗೆ ತೆವಳಿ, ತೂತಿನ ಬಾಯಿಗೆ ಹಿಡಿದು ಬಡಿದಳು. ಠಣ್! ಠಣ್! ಠಣ್!

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಳಗೆ ಫಕೀರಮ್ಮನ ಹೊಲದ ಕಡೆಯಿಂದ ತಗಡಿನ ಡಬ್ಬಿಯ ಸದ್ದು ಬಂತು. ಡಬ ಡಬ ಡಬ!

"ಕೇಳಿಸ್ತು! ಕಾಕಾ, ಕೇಳಿಸ್ತು ಅವ್ರಿಗಿ!"

ಭವಾನಿ ಇನ್ನೂ ಜೋರಾಗಿ ಬಡಿದಳು. ಫಕೀರಮ್ಮನ ಆಚೆಯ ಹೊಲದ ರೈತ ಉಮರಸಾಬ ಬಡಿದ. ಅವನ ಆಚೆಯವನು ಬಡಿದ. ಸುತ್ತಲಿನ ಹೊಲಗಳಲ್ಲೆಲ್ಲ ಡಬ್ಬಿ, ತಗಡು, ಹಲಗೆ. ಯಾರೋ "ಹೋ ಹೋ ಹೋಯ್!" ಅಂತ ಕೂಗಿದರು. ಮೂವರೂ ಕುಣಿಯುವುದೊಂದು ಬಾಕಿ. ಇನ್ನೇನು ಬರುತ್ತಾರೆ, ಇನ್ನೇನು ಬಂದರು.

ಯಾರೂ ಬರಲಿಲ್ಲ. ಇವಳು ಬಡಿದಷ್ಟೂ ಅವರು ಬಡಿದರು, ಇವಳು ನಿಲ್ಲಿಸಿದರೆ ಅವರೂ ನಿಲ್ಲಿಸಿದರು.

ದ್ಯಾವಪ್ಪ ಹಣೆ ಬಡಿದುಕೊಂಡ. "ಅಯ್ಯೋ ನಮ್ಮ ಕರ್ಮ! ನಿಂದ್ರಸವ್ವಾ, ನಿಂದ್ರಸು! ಅವ್ರು ನಮಗ ಜವಾಬು ಕೊಡಾಕತ್ತಿಲ್ಲ."

"ಮತ್ತ?" ಭವಾನಿ ಬಿಲದಿಂದ ಹಿಂದೆ ಸರಿದು ಬಂದಳು.

"ಹೊಲಾ ಕಾಯೋ ರಿವಾಜು ಇದು. ಒಂದು ಹೊಲದಾಗ ಡಬ್ಬಿ ಬಡಿದ್ರಂದ್ರ ಅಲ್ಲಿ ಕರಡಿ ಬಂದೈತಿ ಅಂತ ಲೆಕ್ಕ. ಬಾಜೂದಾಂವ ಬಡೀತಾನ, ಅವನ ಬಾಜೂದಾಂವ ಬಡೀತಾನ. ಎಲ್ಲಾರೂ ಕೂಡಿ ಹೊಡಕೊಂಡು ಹೋಗೋದು. ನಮ್ಮ ಡಬ್ಬೀನೂ ಆ ಮಗ್ಗಲ ಯಾವುದೋ ಹೊಲದ್ದು ಅಂತ ತಿಳಕೊಂಡಾರ."

"ಹೊಡಕೊಂಡು ಎಲ್ಲಿಗಿ ಹೋಗೋದು?" ಕೇಳಿದ ರವಿಕುಮಾರ.

ದ್ಯಾವಪ್ಪ ತಲೆ ಎತ್ತಿ ಬಂಡೆಯ ಅಂಚು ನೋಡಿದ. ಸುತ್ತ ಹೊಲ, ನಡುವೆ ಗುಡ್ಡ. ಹೊಲಗಳಿಂದ ಓಡಿಸಿದ ಕರಡಿ ಬೇರೆಲ್ಲಿಗೆ ಹೋದೀತು? ಬೆಳಗಿನವರೆಗೆ ಬಾರದೆ ಇರುತ್ತಿದ್ದ ಮನೆಯ ಯಜಮಾನನನ್ನು ಭವಾನಿ ತಾನೇ ಡಬ್ಬಿ ಬಡಿದು ಕರೆಸಿಕೊಂಡಿದ್ದಳು.

ಮೇಲೆ ಕಲ್ಲೊಂದು ಉರುಳಿತು.

ಮೂವರೂ ತಲೆ ಎತ್ತಿದರು. ಆಕಾಶದ ಪಟ್ಟಿಯಲ್ಲಿದ್ದ ಮೂರು ಚುಕ್ಕಿಗಳಲ್ಲಿ ಒಂದು ಮರೆಯಾಯಿತು. ಎರಡನೆಯದೂ ಮರೆಯಾಯಿತು. ಬಂಡೆಯ ಅಂಚಿನಲ್ಲಿ ಕಪ್ಪಗೆ ದೊಡ್ಡದೊಂದು ತಲೆ ನಿಂತಿತ್ತು. ಬುಸ್ ಬುಸ್ ಅಂತ ಅದರ ಉಸಿರು.

ಉಗುರು ಕಲ್ಲಿಗೆ ಕೆರೆದ ಸದ್ದು. ಕರಡಿ ಇಳಿಯತೊಡಗಿತ್ತು.

ರವಿಕುಮಾರ ಚೀರಿ, ಭವಾನಿಯ ಕೈಯಿಂದ ಡಬ್ಬಿ ಕಸಿದು ಬಡಿದ. ಠಣ್ ಠಣ್ ಠಣ್! ಕರಡಿ ಗುರ್ರೆಂದು ಹಿಂದೆ ಸರಿಯಿತು. ಆದರೆ ಮರುಗಳಿಗೆಗೆ ಕೆಳಗಿನ ಹೊಲಗಳೆಲ್ಲ ಡಬ ಡಬ ಎಂದು ಎದ್ದವು. ಗುಡ್ಡ ಇಳಿದು ಓಡಲು ಹೊರಟಿದ್ದ ಕರಡಿ ಆ ಸದ್ದಿಗೆ ಬೆದರಿ ಮತ್ತೆ ಅಂಚಿಗೇ ಬಂದು ನಿಂತಿತು.

ಬಡಿದರೆ ಹೊಲದವರು ಬಡಿಯುತ್ತಾರೆ, ಕರಡಿಗೆ ಹೋಗಲು ದಾರಿಯಿಲ್ಲ. ಸುಮ್ಮನಿದ್ದರೆ ಕರಡಿ ಇಳಿಯುತ್ತದೆ. ಭವಾನಿಗೆ ಒಂದು ಕ್ಷಣ ಆ ಪ್ರಾಣಿಯ ಮೇಲೂ ಮರುಕ ಹುಟ್ಟಿತು. ಅದೂ ತಮ್ಮ ಹಾಗೆಯೇ ನಡುವೆ ಸಿಕ್ಕಿಬಿದ್ದಿತ್ತು.

"ಡಬ್ಬಿ ನಿಂದ್ರಸಬೇಕು ಕೆಳಗಿನವ್ರು," ಅಂದ ದ್ಯಾವಪ್ಪ. "ಅವ್ರು ನಿಂದ್ರಿಸಿದ್ರ ಅದು ಇಳದು ಹೋಗ್ತೈತಿ. ಆದ್ರ ಅವ್ರಿಗಿ ತಿಳಸೋದು ಹ್ಯಾಂಗ?"

ಹೇಗೆಂದು ಭವಾನಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದಳು. ಎಷ್ಟು ಮನೆಗಳ ಬಾಗಿಲು ಬಡಿದಿದ್ದಳು, ಎಷ್ಟು ಬೈಗುಳ ತಿಂದಿದ್ದಳು, ಈ ಒಂದು ರಾತ್ರಿಗಾಗಿ! ಇನ್ನೊಂದು ಅಮಾವಾಸ್ಯೆ ಬರುವಷ್ಟರಲ್ಲಿ ಆ ಕಂಬಗಳು ನಿಂತಿರುತ್ತವೆ. ಅವಳಿಗೆ ಅಳು ಉಕ್ಕಿ ಬಂತು. ಮೇಲೆ ಉಗುರು ಮತ್ತೆ ಕೆರೆಯಿತು. ಪಕ್ಕದಲ್ಲಿ ರವಿಕುಮಾರ ಊದಿದ ಕಾಲು ಎಳೆದುಕೊಂಡು ಗೋಡೆಗೆ ಇನ್ನಷ್ಟು ಅಂಟಿಕೊಂಡ. ಅವನಿಗೆ ಓಡಲೂ ಆಗುವುದಿಲ್ಲ.

ಭವಾನಿ ಬಿಲದೊಳಗೆ ತೆವಳಿದಳು. ಮೊಣಕೈ ಕೆತ್ತಿತು, ತಲೆ ಬಂಡೆಗೆ ಬಡಿಯಿತು. ತೂತಿನಿಂದ ಕೈ ಹೊರಗೆ ಹಾಕಿ ಬ್ಯಾಟರಿ ಒತ್ತಿದಳು. ಮಂಕಾದ ಕೆಂಪು. ಅಷ್ಟು ದೂರಕ್ಕೆ ಅದು ಏನೂ ಅಲ್ಲ. ಡಬ್ಬಿಗಳು ಬಡಿಯುತ್ತಲೇ ಇದ್ದವು.

ಹಿಂದಿನಿಂದ ದ್ಯಾವಪ್ಪ ಕೂಗಿದ: "ಅರ್ಧಾ ಇಳದೈತವ್ವಾ!"

ಅವಳು ಹಲ್ಲಿನಿಂದ ಕೆಂಪು ಹಾಳೆ ಹರಿದಳು.

ಬಿಳಿ ಬೆಳಕು ಕತ್ತಲನ್ನು ಸೀಳಿ ಫಕೀರಮ್ಮನ ಶೇಂಗಾದ ಮೇಲೆ ಬಿತ್ತು. ಹಚ್ಚಿದಳು, ಆರಿಸಿದಳು. ಹಚ್ಚಿದಳು, ಆರಿಸಿದಳು.

ಫಕೀರಮ್ಮನ ಡಬ್ಬಿ ಗಪ್ಪಾಯಿತು. ಉಮರಸಾಬನದು ನಿಂತಿತು. ಒಂದೊಂದಾಗಿ ಎಲ್ಲ ಹೊಲಗಳೂ ಗಪ್ಪಾದವು. ಆ ನಿಶ್ಶಬ್ದದೊಳಗಿನಿಂದ ಗುಡ್ಡಕ್ಕೆ ಬಡಿದು ವಾಪಸ್ಸು ಬರುವಂಥ ದನಿಯೊಂದು ಎದ್ದಿತು.

"ಯಾವನಲೇ ಅಂವಾ ಬ್ಯಾಟ್ರಿ ಹಚ್ಚಿದಾಂವ! ಮಾತು ಕೊಟ್ಟ ಮ್ಯಾಲ ಬ್ಯಾಟ್ರಿ ಹಚ್ತೀಯೇನಲೇ ಭಾಡ್ಯಾ! ನಿಂದ್ರು, ಬರ್ತೀನಿ!"

ಇತ್ತ ದ್ಯಾವಪ್ಪ ಕಲ್ಲಿನಿಂದ ಡಬ್ಬಿಗೆ ಒಂದೇ ಒಂದು ಏಟು ಹಾಕಿದ. ಈ ಸಲ ಯಾವ ಹೊಲವೂ ಜವಾಬು ಕೊಡಲಿಲ್ಲ. ಕರಡಿ ಗಕ್ಕನೆ ನಿಂತಿತು, ಬುಸುಗುಟ್ಟಿತು, ಬಂಡೆ ಕೆರೆಯುತ್ತಾ ಮೇಲಕ್ಕೆ ಹತ್ತಿತು. ಕಲ್ಲುಗಳು ಉರುಳುವ ಸದ್ದು ಗುಡ್ಡದ ಆ ಮಗ್ಗುಲಿಗೆ ದೂರ ದೂರ ಹೋಯಿತು. ಮರೆಯಾಗಿದ್ದ ಚುಕ್ಕಿಗಳು ಮತ್ತೆ ಕಂಡವು.

"ಹೋತು," ಅಂದ ದ್ಯಾವಪ್ಪ. ರವಿಕುಮಾರ ಹಾಗೆಯೇ ಅಳತೊಡಗಿದ.

ಬಹಳ ಹೊತ್ತಿನ ಮೇಲೆ ಬಂಡೆಯ ಅಂಚಿನಲ್ಲಿ ಮಾತು ಕೇಳಿಸಿತು. ಬೆಳಕಿರಲಿಲ್ಲ. ಕತ್ತಲೊಳಗಿನಿಂದಲೇ ಫಕೀರಮ್ಮನ ಬೈಗುಳ.

"ಇಲ್ಲೇ ಎಲ್ಲೋ ಅದಾನ ನೋಡು ಆ ಕಳ್ಳ. ಉಮರಸಾಬ, ಆ ಕಡೆ ಹೋಗು."

"ಚಿಗವ್ವಾ! ನಾನು! ಭವಾನಿ!"

ಫಕೀರಮ್ಮ ಅಂಚಿಗೆ ಬಗ್ಗಿದಳು. "ಯಾರು? ಮೇಡಂ? ನೀವೇನ್ ಮಾಡಾಕತ್ತೀರಿ ಕರಡಿ ಬಿಲದಾಗ?"

"ಸಿಕ್ಕೊಂಡೀವಿ ಚಿಗವ್ವಾ. ರವೀ ಕಾಲು ಹೊಳ್ಳೈತಿ. ದಾರಿ ಬಂದಾಗೈತಿ."

"ಅಂದ್ರ ಆ ಬ್ಯಾಟ್ರಿ..."

"ನಾನ ಹಚ್ಚಿದ್ದು."

ಮೇಲಿನಿಂದ ಉಮರಸಾಬನ ನಗು ಕೇಳಿಸಿತು. ಫಕೀರಮ್ಮ ಮಾತ್ರ ನಗಲಿಲ್ಲ. ಬೈಯಲೆಂದು ಬಂದವರ ಕೈಯಲ್ಲಿ ಕೋಲಿತ್ತೇ ಹೊರತು ಹಗ್ಗವಿರಲಿಲ್ಲ. ಬಾವಿಯ ಹಗ್ಗ ತರಲು ಉಮರಸಾಬ ಮತ್ತಿಬ್ಬರನ್ನು ಕರೆದುಕೊಂಡು ಕೆಳಗೆ ಹೋದ.

"ಉಮರಸಾಬ ಕಾಕಾ, ಬ್ಯಾಟ್ರಿ ಹಚ್ಕೊಂಡು ಹೋಗ್ರಿ!" ಭವಾನಿ ಕೂಗಿದಳು. "ಕರಡಿ ಅಲ್ಲೇ ಐತಿ. ಬಂಡಿ ಮ್ಯಾಲ ಜಾರ್ತೀರಿ. ನನ್ನ ಅಳತಿ ಹೆಂಗೂ ಕೆಟ್ಟೋತು, ಹಚ್ರಿ!"

"ನಿಮ್ಮ ಅಳತಿ ಕೆಟ್ಟಿರಬಹುದವ್ವಾ," ಅಂದಳು ಫಕೀರಮ್ಮ. "ನಮ್ಮ ಮಾತು ಕೆಟ್ಟಿಲ್ಲಲ್ಲ. ಅವ್ರಿಗಿ ಕಾಣ್ತೈತಿ ಬಿಡು."

ಕಾಣುತ್ತಲೇ ಇತ್ತಂತೆ. ಎಷ್ಟೋ ಹೊತ್ತು ಕತ್ತಲಲ್ಲೇ ಕೂತ ಕಣ್ಣುಗಳಿಗೆ ಬರೀ ಚುಕ್ಕಿಯ ಬೆಳಕಿನಲ್ಲೇ ಬಂಡೆಯ ಅಂಚು, ಜಾಲಿಯ ಮುಳ್ಳು, ತಗ್ಗು ಎಲ್ಲ ತೋರುತ್ತಿದ್ದವಂತೆ. ಆದರೂ ಕೆಳಗಿದ್ದವರಿಗೆ ಅದು ಕಾಯಲಾಗದ ಹೊತ್ತು. ಕರಡಿ ಮತ್ತೆ ಬಾರದ ಹಾಗೆ ಫಕೀರಮ್ಮ ಅಂಚಿನ ಮೇಲೆ ಕೂತು ಆಗಾಗ ಕೋಲಿನಿಂದ ಬಂಡೆಗೆ ಬಡಿಯುತ್ತಿದ್ದಳು. ಬಡಿಯುತ್ತಾ ಬಡಿಯುತ್ತಾ ಒಮ್ಮೆ ಕೈ ನಿಂತುಬಿಟ್ಟಿತು.

"ಚಿಗವ್ವಾ? ಅದೀರೇನು?" ಭವಾನಿ ಗಾಬರಿಯಾದಳು.

"ಅದೀನಿ, ಅದೀನಿ." ದನಿ ಯಾಕೋ ಮೆತ್ತಗಾಗಿತ್ತು. "ಎಷ್ಟು ಅದಾವಲ್ಲವ್ವಾ ಇವು... ಮ್ಯಾಲ."

ಹಗ್ಗ ಬಂತು. ಮೊದಲು ರವಿಕುಮಾರನ ಸೊಂಟಕ್ಕೆ ಕಟ್ಟಿ ಎಳೆದರು. ಅವನ ಭಾರಕ್ಕೆ ಮೇಲಿನವರೆಲ್ಲ "ಹೈಸಾ" ಅನ್ನಬೇಕಾಯಿತು. ನಡುವೆ ಹಗ್ಗ ಬಂಡೆಗೆ ಉಜ್ಜಿ ಚರ್ರೆಂದಿತು. ಉಮರಸಾಬ ತನ್ನ ಕಂಬಳಿಯನ್ನು ಅದರ ಅಡಿಗೆ ತುರುಕಿದ. ಆಮೇಲೆ ದ್ಯಾವಪ್ಪ, ಕೊನೆಗೆ ಭವಾನಿ. ಅಂಚಿಗೆ ಬಂದಾಗ ಫಕೀರಮ್ಮನ ಒರಟು ಕೈ ಅವಳ ರಟ್ಟೆ ಹಿಡಿದು ಮೇಲಕ್ಕೆಳೆಯಿತು. ಎದ್ದು ನಿಂತು ಭವಾನಿ ಸುತ್ತ ನೋಡಿದಳು. ಅಷ್ಟು ಮಂದಿ ನಿಂತಿದ್ದರು, ಒಬ್ಬರ ಬಾಯಲ್ಲೂ ಬೀಡಿಯ ಕಿಡಿ ಸಹ ಇರಲಿಲ್ಲ. ಅವಳು ಫಕೀರಮ್ಮನನ್ನು ತಬ್ಬಿಕೊಂಡು ಗಳಗಳನೆ ಅತ್ತಳು.

"ಸಾಕವ್ವಾ, ಸಾಕು," ಅಂದಳು ಫಕೀರಮ್ಮ. "ಬೈಗುಳ ಹಂಗ ಬಾಕಿ ಉಳದೈತಿ, ನಾಳಿ ಬೈತೀನಿ."

ಬೆಳಕು ಹರಿದ ಮೇಲೆ ಮೀಟರು ಬಿಚ್ಚಿಕೊಂಡು ಇಳಿದರು, ರವಿಕುಮಾರ ಇಬ್ಬರ ಹೆಗಲ ಮೇಲೆ. ಕೆಳಗೆ ಫಕೀರಮ್ಮನ ಹೊಲದಲ್ಲಿ ಶೇಂಗಾದ ಮೂರು ಸಾಲು ಕಿತ್ತು ಬಿದ್ದಿದ್ದವು. ಅವಳು ಗುಡ್ಡದ ಮೇಲಿದ್ದಾಗ ಹಂದಿಗಳು ಬಂದು ಹೋಗಿದ್ದವು. ಅವಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ಭವಾನಿಯನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಕೊಪ್ಪಳದಲ್ಲಿ ಸಮಿತಿಯ ಶ್ವೇತಾ ಮೀಟರನ್ನು ಕಂಪ್ಯೂಟರಿಗೆ ಹಚ್ಚಿದಳು. ಪರದೆಯ ಮೇಲೆ ಸಪಾಟಾದ ಗೆರೆಯೊಂದು ಓಡಿತು, ನಡುವೆ ಒಂದೇ ಒಂದು ಕಡೆ ಸಣ್ಣ ಗುಬುಟು.

"ಇದು ಯಾವ ರೈತಂದ್ರಿ?" ಕೇಳಿದಳು ಶ್ವೇತಾ.

"ರೈತರದಲ್ರಿ. ನಂದು." ಭವಾನಿ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು.

ಶ್ವೇತಾ ಗುಬುಟಿನ ಮುಂದಿನ ಗೆರೆಯ ಮೇಲೆ ಬೆರಳಾಡಿಸಿದಳು. "ಅಂದ್ರ, ಆಮ್ಯಾಲ ಅಷ್ಟು ಮಂದಿ ಗುಡ್ಡ ಹತ್ತಿದ್ದು, ಇಳದು ಹೋಗಿ ಹಗ್ಗ ತಂದಿದ್ದು, ಮೂರು ಮಂದೀನ್ನ ಎತ್ತಿದ್ದು, ಎಲ್ಲಾ ಇದ್ರಾಗ ಐತೇನು? ಈ ಸಪಾಟ ಗೆರಿಯಾಗ?"

"ಐತ್ರಿ. ಒಂದು ಕಡ್ಡಿ ಕೊರದಿಲ್ರಿ ಅವ್ರು."

ಶ್ವೇತಾ ಒಂದು ಕಾಗದವನ್ನು ಅವಳತ್ತ ಸರಿಸಿದಳು. "ಜೀವ ಉಳಿಸ್ಕೊಳ್ಳಾಕ ಹಚ್ಚಿದ ಬ್ಯಾಟ್ರಿ ಗುಬುಟು ಇರಲಿ ಬಿಡ್ರಿ. ಕಾರಣ ಬರದು ಸಹಿ ಮಾಡ್ರಿ. ಇಂಥಾ ಮಂದಿ ಇರೋ ಊರಾಗ ಕತ್ತಲಿ ಉಳೀದ ಮತ್ತೆಲ್ಲಿ ಉಳೀತೈತಿ?"

ಗ್ರಾಮಸಭೆಯಲ್ಲಿ ಸಮಿತಿಯ ಮಾತು ಓದಿದರು. ಗುಡ್ಡದ ಮೇಲೆ ದೀಪವಿಲ್ಲ, ಕಂಬಗಳನ್ನು ಬಂದ ಲಾರಿಯಲ್ಲೇ ಹೇರಿ ಕಳಿಸಬೇಕು. ಚಪ್ಪಾಳೆ ಬಿದ್ದವು. ಚಪ್ಪಾಳೆ ನಿಲ್ಲುವ ಮೊದಲೇ ಫಕೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಕತ್ತಲಿಗಿ ನಾ ಒಲ್ಲೆ ಅನ್ನಂಗಿಲ್ಲ. ಆದ್ರ ನಂದೊಂದು ಮಾತೈತಿ. ಚುಕ್ಕಿ ನೋಡಾಕ ಬಂದ ಮಂದಿ ಆರಾಮ ಕುಂತು ಮ್ಯಾಲ ನೋಡ್ತಾರ. ನಾವು ಅಟ್ಟದ ಮ್ಯಾಲ ಕುಂತು ಕೆಳಗ ನೋಡ್ತೀವಿ, ಕರಡಿ ಬಂತೇನು, ಹಂದಿ ಬಂತೇನು ಅಂತ. ಈ ಹೊಲಾ ಕಾಯ್ಕೋತ ನನ್ನ ಕೂದ್ಲ ಹಣ್ಣಾದುವು, ಒಂದಿನ ತಲಿ ಎತ್ತಿ ನೋಡಿಲ್ಲ. ಆವತ್ತು ಈಕಿನ್ನ ಬೈಯಾಕ ಅಂತ ಗುಡ್ಡ ಹತ್ತಿದಾಗಷ್ಟ ನೋಡೀನಿ. ನನಗ ಇನ್ನೂ ನೋಡಬೇಕೈತಿ. ಅದಕ, ಲೈಟ್ ಆರಿಸಿದ ರಾತ್ರಿ ಚುಕ್ಕಿ ತೋರ್ಸೋರೂ ನಮ್ಮ ಹೊಲಾ ಕಾಯಬೇಕು. ಪಾಳಿ ಹಚ್ಚೂಣು. ಏನಂತೀರಿ ಮೇಡಂ?"

ಸಭೆಯೆಲ್ಲ ಭವಾನಿಯ ಕಡೆ ತಿರುಗಿತು.

"ಮೊದ್ಲ ಪಾಳಿ ನಂದು ಚಿಗವ್ವಾ," ಅಂದಳು ಭವಾನಿ.

ಹಾಗಾಗಿ ಮುಂದಿನ ಅಮಾವಾಸ್ಯೆಗೆ ಸೀಗಿಹಾಳದಲ್ಲಿ ಬೇರೆಯದೇ ನೋಟ. ಗುಡ್ಡದ ಬುಡದ ಬಯಲಿನಲ್ಲಿ ದುರ್ಬೀನಿಗೆ ಕಣ್ಣು ಹಚ್ಚಿ ಫಕೀರಮ್ಮ, ಅವಳ ಹಿಂದೆ ಸರದಿಯಲ್ಲಿ ಉಮರಸಾಬ ಮತ್ತು ಹೈದರಾಬಾದಿನ ಮಂದಿ. ಕಾಲು ನೆಟ್ಟಗಾದ ರವಿಕುಮಾರ ಯಾವುದು ಗುರು, ಯಾವುದು ಕೃತ್ತಿಕೆ ಎಂದು ಎಲ್ಲರಿಗೂ ಬಾಯಿಗೆ ಬಂದದ್ದು ಹೇಳುತ್ತಿದ್ದ. ಶೇಂಗಾ ಹೊಲದ ಅಟ್ಟದ ಮೇಲೆ ಕಂಬಳಿ ಹೊದ್ದು, ಚಳಿಗೆ ಹಲ್ಲು ಕಟಕಟಿಸುತ್ತಾ, ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು ಭವಾನಿ ಕೂತಿದ್ದಳು.

ಬದುವಿನಾಚೆ ಏನೋ ಸರಸರ ಅಂದಿತು. ಅವಳು ಬೆಚ್ಚಿ ಡಬ್ಬಿ ಬಡಿದಳು. ಡಬ ಡಬ ಡಬ.

"ಜೋರಾಗಿ ಬಡೀರಿ ಮೇಡಂ!" ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಫಕೀರಮ್ಮ ಕೂಗಿದಳು. "ಕೈಯಾಗ ಬಲಾ ಇಲ್ಲೇನು?"

ಭವಾನಿ ಜೋರಾಗಿ ಬಡಿದಳು. ಆಚೆಯ ಹೊಲದವರು ಜವಾಬು ಕೊಟ್ಟರು, ಅವರಾಚೆಯವರೂ ಕೊಟ್ಟರು. ಆ ರಾತ್ರಿ ಅವಳು ಒಂದು ಚುಕ್ಕಿಯನ್ನೂ ನೋಡಲಿಲ್ಲ. ಶೇಂಗಾ ಮಾತ್ರ ಒಂದು ಗಿಡವೂ ಹೋಗಲಿಲ್ಲ.